ಬಾಲ ಹೋದದ್ದಕ್ಕೆ ಮಾಮನ ಕೊರಗು

ಮನುಷ್ಯನ ಬಾಲ ಹೋದದ್ದನ್ನು ಸ್ವಂತ ನಷ್ಟವೆಂದು ಭಾವಿಸಿ ಇವತ್ತಿಗೂ ಕೊರಗುವವರು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ! "ಎರಡು ಕೈಯಲ್ಲೂ ಬ್ಯಾಗ್ ಹಿಡ್ಕೊಂಡು ಬಸ್ಸಲ್ಲಿ ನಿಂತಾಗ ಗೊತ್ತಾಗುತ್ತೆ ಕಣೇ ಅದರ ಬೆಲೆ" ಎನ್ನುತ್ತಾರೆ. ಇಂಥವರನ್ನು ನನ್ನ ಹಸುಗೂಸನ್ನು ನೋಡಲು ಆಸ್ಪತ್ರೆಯೊಳಗೆ ಬಿಡಬೇಕೋ ಬೇಡವೋ ಎಂದು ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆದಿತ್ತು. ಯಾಕೆ ಎನ್ನುವಿರಾ? ಸ್ವಲ್ಪ ತಾಳಿ.

ಮಾಮ ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಮನೆ ಜೀವನ್ ಬಿಮಾ ನಗರದಲ್ಲಿ. ನಿವೃತ್ತಿಯ ಮೇಲೆ ಅಕ್ಕಪಕ್ಕದವರು ತೀರ್ಥಯಾತ್ರೆಗೆ ಹೊರಟರೆ ಇವರು ಜೀವವಿಕಾಸದ ಬೆನ್ನು ಹತ್ತಿದರು. ಜಿರಲೆ ಕಂಡರೆ ನಾವು ಪೊರಕೆ ಹುಡುಕುತ್ತೇವೆ, ಇವರು ಕನ್ನಡಕ ಹುಡುಕುತ್ತಾರೆ.

ಇವರೆದುರು 'ಅಡ್ಜಸ್ಟ್' ಎಂದರೆ ಮುಗಿಯಿತು. ಆ ಪದವಿಲ್ಲದೆ ಬೆಂಗಳೂರಿನಲ್ಲಿ ಒಂದು ದಿನ ಕಳೆಯುವುದು ಸಾಧ್ಯವೇ ಹೇಳಿ! ಒಮ್ಮೆ ಶಿವಾಜಿನಗರದ ಬಸ್ಸಿನಲ್ಲಿ, ಹಿಂದಿನ ಉದ್ದ ಸೀಟಿನಲ್ಲಿ ಕೂತಿದ್ದೆವು. ಹೂವಿನ ಬುಟ್ಟಿ ಹಿಡಿದ ದಪ್ಪನೆಯ ಹೆಂಗಸೊಬ್ಬರು ಬಂದು, "ಸಾರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರು.

"ಹೊಂದಾಣಿಕೆ ಅನ್ನೋದು ಕೂತಲ್ಲೇ ಆಗಲ್ಲಮ್ಮಾ. ಸಣ್ಣ ಸೊಂಟದೋರು ಉಳ್ಕೊಂಡು, ಅವರಿಗೆ ಸಣ್ಣ ಸೊಂಟದ ಮಕ್ಕಳು ಹುಟ್ಟಿ, ಹಾಗೇ ತಲೆಮಾರುಗಟ್ಲೆ ನಡೀಬೇಕು."

"ಅಷ್ಟೊತ್ತಿಗೆ ನನ್ನ ಸ್ಟಾಪ್ ಬಂದ್ಬಿಡುತ್ತೆ. ಜರುಗಿ ಸಾರ್!"

ಮಾಮ ಜರುಗಿದರು.

ಇಳಿದ ಮೇಲಾದರೂ ಸುಮ್ಮನಾದರೇ? ಮಾರ್ಕೆಟ್ಟಿಗೆ ಹಣ್ಣು ಕೊಳ್ಳಲು ಬಂದವರು ಮಾಂಸದಂಗಡಿಯ ಮುಂದೆ ಆಕಾಶ ನೋಡುತ್ತ ನಿಂತುಬಿಟ್ಟರು. ಮೇಲೆ ಹದ್ದುಗಳು ಸುತ್ತುತ್ತಿದ್ದವು. "ನೋಡಿ ಭಾಯ್, ಕಣ್ಣು ಚುರುಕಿಲ್ಲದ ಹದ್ದಿಗೆ ಉಪವಾಸ. ಚುರುಕಾಗಿರೋದು ಉಳ್ಕೊಂಡು ಮರಿ ಮಾಡುತ್ತೆ, ಮರಿಗೂ ಅದೇ ಕಣ್ಣು ಬರುತ್ತೆ" ಎಂದು ಅಂಗಡಿಯವರಿಗೆ ಪಾಠ ಶುರು. ಅವರು ಕತ್ತಿ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. "ಸಹೀ ಬಾತ್ ಸಾಬ್. ನಿಮಗೇನ್ ಬೇಕು ಬೋಲೋ. ಹದ್ದು ನಿಮಗಿಂತ ಜಲ್ದಿ ಡಿಸೈಡ್ ಮಾಡುತ್ತೆ!"

ಅತ್ತೆಯ ಪಾಡು ಕೇಳಬೇಡಿ. ಎಂದೋ ಅರ್ಧ ಬಂದು ನಿಂತಿದ್ದ ಬುದ್ಧಿಹಲ್ಲು ನೋವೆದ್ದು ಅವರ ಕೆನ್ನೆ ಊದಿಕೊಂಡಿತ್ತು. ಮಾಮ ಸಮಾಧಾನ ಹೇಳಲು ಕೂತರು. "ಬೇಯಿಸಿ ತಿನ್ನೋದು ಕಲಿತ್ಮೇಲೆ ಮನುಷ್ಯನ ದವಡೆ ಸಣ್ಣದಾಯ್ತು ಕಣೇ, ಹಲ್ಲು ಮಾತ್ರ ಅಷ್ಟೇ ಉಳೀತು."

"ಹಾಗಾದ್ರೆ ಇಷ್ಟು ವರ್ಷ ಬೇಯಿಸಿ ಹಾಕಿದ್ದೇ ನನ್ನ ತಪ್ಪಾಯ್ತಲ್ಲ!" ಎಂದರು ಅತ್ತೆ. ಅಂದು ಮಧ್ಯಾಹ್ನ ಮಾಮನ ತಟ್ಟೆಗೆ ಹಸಿ ಹುರುಳಿಕಾಯಿ ಬಿತ್ತು.

ಇಂಥ ದಿನಗಳಲ್ಲೇ ನನ್ನ ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿಬಿಟ್ಟಳು. ಅಂಗೈಯಷ್ಟು ಮಗು, ಗಾಜಿನ ಪೆಟ್ಟಿಗೆಯಲ್ಲಿ ಮಲಗಿತ್ತು. ಡಾಕ್ಟರು ನೋಡೋಣ ಎನ್ನುತ್ತಿದ್ದರೇ ಹೊರತು ಉಳಿಯುತ್ತಾಳೆ ಎನ್ನುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ, ಗಟ್ಟಿಯಾದದ್ದನ್ನು ನಿಸರ್ಗ ಆರಿಸಿಕೊಳ್ಳುತ್ತದೆ ಎಂಬ ಮಾತನ್ನು ಯಾವ ತಾಯಿ ತಾನೇ ಕೇಳಿಯಾಳು? ನನಗೆ ಮಾಮನ ಹೆಸರು ಕೇಳಿದರೇ ಹೆದರಿಕೆಯಾಗುತ್ತಿತ್ತು. ಕೊನೆಗೆ ಅವರ ಅಕ್ಕ, ಅಂದರೆ ನಮ್ಮಮ್ಮ, "ಅಲ್ಲಿ ಆಯ್ಕೆ ಗೀಯ್ಕೆ ಅಂತ ಬಾಯಿಬಿಟ್ಟೀಯ, ಜೋಕೆ!" ಎಂದು ಗದರಿಸಿಯೇ ಕಳಿಸಿದರು.

ಮಾಮ ಮೊಣಕೈವರೆಗೆ ಕೈ ತೊಳೆದು ಬಂದರು. ಪೆಟ್ಟಿಗೆಯ ಕಿಂಡಿಯೊಳಗೆ ಕೈ ತೂರಿಸಿ ಕಿರುಬೆರಳು ಚಾಚಿದರು. ಮಗು ಅದನ್ನು ಹಿಡಿದುಕೊಂಡಿತು.

ಅವರ ಮೌನವನ್ನು ನನಗೇ ತಡೆಯಲಾಗಲಿಲ್ಲ. "ಹೀಗೆ ಹಿಡ್ಕೊಳ್ಳೋದಕ್ಕೂ ಏನೋ ಕಾರಣ ಇರ್ಬೇಕಲ್ಲ ಮಾಮ, ಹೇಳಿ" ಎಂದೆ.

"ಇದೆ ಪುಟ್ಟೀ. ನಮಗೆ ಮೈತುಂಬ ಕೂದಲಿದ್ದ ಕಾಲದ್ದು. ತಾಯಿ ಮರದಿಂದ ಮರಕ್ಕೆ ಹೋಗ್ಬೇಕಾದ್ರೆ ಮರಿ ಅವಳ ಕೂದಲನ್ನ ಗಟ್ಟಿಯಾಗಿ ಹಿಡ್ಕೊಳ್ತಿತ್ತು. ಕೈಬಿಟ್ಟಿದ್ದು ಉಳೀತಿರ್ಲಿಲ್ಲ. ಹಿಡ್ಕೊಂಡಿದ್ದರ ಮಕ್ಕಳು ನಾವೆಲ್ಲ." ಮಾಮ ಗಾಜಿನ ಹತ್ತಿರಕ್ಕೆ ಬಾಗಿದರು. "ನೋಡು, ಎಷ್ಟು ಗಟ್ಟಿಯಾಗಿ ಹಿಡ್ದಿದಾಳೆ!"

ಅಷ್ಟರಲ್ಲಿ ನರ್ಸ್ ಬಂದು, "ಟೈಮ್ ಆಯ್ತು ಸಾರ್, ಬಿಡಿ" ಎಂದರು.

"ನಾನು ಹಿಡ್ಕೊಂಡಿಲ್ಲಮ್ಮಾ. ಅವಳು ಹಿಡ್ಕೊಂಡಿದಾಳೆ. ಅವಳು ಬಿಡೋವರೆಗೂ ನಾನು ಹೋಗಲ್ಲ."

ನರ್ಸ್ ಒಂದು ಸ್ಟೂಲ್ ತಂದಿಟ್ಟರು. ನನ್ನ ಮಗಳು ಉಳಿಯುತ್ತಾಳೆ ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಆಗ. ಉಳಿದಳು ಕೂಡ.