ಉಪ್ಪಿನ ಅನುಮಾನ

ನಮ್ಮ ಭಾವನವರಂಥ ಸಂಶಯದ ಪ್ರಾಣಿಯನ್ನು ನವಲಗುಂದ ತಾಲೂಕಿನಲ್ಲೇ ನಾನು ಇನ್ನೊಂದು ಕಂಡಿಲ್ಲ! ಎಪ್ಪತ್ತರ ದಶಕದಲ್ಲಿ ಕಿರಿಯ ಸೊಸೆಯಾಗಿ ಆ ಮನೆಗೆ ಹೋದಾಗ ನನ್ನ ಗಂಡ ಮೊದಲು ಎಚ್ಚರಿಸಿದ್ದೇ ತನ್ನ ಅಣ್ಣನ ಬಗ್ಗೆ. ಹುಬ್ಬಳ್ಳಿ ಬಸ್ಸು ಹತ್ತುವಾಗ ಕಂಡಕ್ಟರನ ಮಾತು ಅವರಿಗೆ ಸಾಲದು, ಡ್ರೈವರನನ್ನೂ ಕೇಳಬೇಕು. ಒಮ್ಮೆ ಒಳಗೆ ಕೂತ ಮೇಲೂ ಅನುಮಾನ ಬಂದು ಬೋರ್ಡು ಓದಲು ಕೆಳಗಿಳಿದರು. ಬಸ್ಸು ಹೋಗಿಯೇ ಬಿಟ್ಟಿತು. ಮನೆಗೆ ಬಂದು, "ಅದು ಹುಬ್ಬಳ್ಳಿಗೇ ಹೋತು, ಖಾತ್ರಿ ಆತು" ಅಂದರಂತೆ.

ಜಮಖಾನೆ ಕೊಳ್ಳಲು ಹೋದವರು ಅಂಗಡಿಯಲ್ಲೇ ಹಾಸಿಸಿ ಮಲಗಿ ನೋಡಿದರು. ನಿದ್ದೆ ಹತ್ತಿತು. ಎದ್ದವರೇ, ಇದು ಅಗದಿ ಚೊಲೊ ಐತಿ, ಇನ್ನೊಂದು ತೋರಸ್ರಿ ಎಂದರು!

ಇಂಥವರ ಹೆಂಡತಿಗೆ, ನಾನು ಅಕ್ಕ ಎಂದೇ ಕರೆಯುತ್ತಿದ್ದವಳಿಗೆ, ಬೆರಳ ಗಂಟುಗಳೆಲ್ಲ ಬಾತು ರೊಟ್ಟಿ ಬಡಿಯುವುದು ಕಷ್ಟವಾಯಿತು. ಡಾಕ್ಟರು ಆಸ್ಪಿರಿನ್ ಗುಳಿಗೆ ಕೊಟ್ಟು, ಊಟದ ಜೊತೆಗೇ ತೆಗೆದುಕೊಳ್ಳಬೇಕು ಎಂದರು. ಭಾವ ಬಿಟ್ಟಾರೆಯೇ? ಊಟಕ್ಕಿಂತ ಮೊದಲೋ, ನಡುವೆಯೋ, ಆಮೇಲೋ? ಡಾಕ್ಟರು ಕೈಮುಗಿದು, "ಯಜಮಾನ್ರ, ಹೊಟ್ಟ್ಯಾಗ ರೊಟ್ಟಿ ಇದ್ರ ಸಾಕ್ರಿ" ಎಂದರು.

ತೊಡಕು ಇದ್ದದ್ದೇ ಅಲ್ಲಿ. ಗಂಡಸರೂ ಹಿರಿಯರೂ ಉಂಡ ಮೇಲೆಯೇ ಸೊಸೆಯಂದಿರು ಬಾಯಿಗೆ ತುತ್ತಿಡಬೇಕು ಎಂಬುದು ನಮ್ಮ ಅತ್ತೆಯ ಕಟ್ಟಳೆ. ಆದರೆ ರೊಟ್ಟಿ ಬಡಿಯಲು ಬೆಳಿಗ್ಗೆಯೇ ಕೈ ಆಡಬೇಕಲ್ಲ! ಅಕ್ಕ ಬರಿ ಹೊಟ್ಟೆಯಲ್ಲೇ ಗುಳಿಗೆ ನುಂಗತೊಡಗಿದಳು. ಒಂದು ದಿನ ಹೊಟ್ಟೆ ಹಿಡಿದುಕೊಂಡು ಒಲೆಯ ಮುಂದೆಯೇ ಕುಸಿದಳು. ಹೀಗೇ ನಡೆದರೆ ಹುಣ್ಣಾಗಿ ರಕ್ತ ಕಾರುತ್ತಾಳೆ ಎಂದು ಡಾಕ್ಟರು ಗದರಿಸಿ ಕಳಿಸಿದರು.

ಮರುದಿನದಿಂದ ಭಾವನ ಸಂಶಯ ಅಡುಗೆಮನೆಗೆ ಬಂತು. ಪೂಜೆ ಮುಗಿಸಿದವರೇ ಮೊದಲ ರೊಟ್ಟಿ ಬೇಯುವಷ್ಟರಲ್ಲಿ ತಟ್ಟೆ ಹಿಡಿದು ಹಾಜರು. ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂಬ ಅನುಮಾನ, ಹೆಂಡತಿ ತಿಂದು ನೋಡಿಯೇ ಹೇಳಬೇಕು. ತಾನು ನೋಡುತ್ತೇನೆಂದು ಅತ್ತೆ ಮುಂದೆ ಬಂದರೆ, ನಿನಗೆ ಸಪ್ಪಗಿದ್ದರೂ ನಡೆಯುತ್ತದೆ ಎಂದು ತಳ್ಳಿಹಾಕಿದರು. ಮೊದಲು ಚೂರು ಪಲ್ಯ. ಆಮೇಲೆ, "ರೊಟ್ಟಿ ಇಲ್ಲದ ಪಲ್ಯಾದ ಉಪ್ಪು ಹ್ಯಾಂಗ ತಿಳಿತೈತಿ?" ಎಂದು ಅರ್ಧ ರೊಟ್ಟಿ, ಮುಂದೆ ಇಡೀ ರೊಟ್ಟಿ, ಕೊನೆಗೆ ಮೊಸರಿನ ಹುಳಿಯ ಮೇಲೂ ಅನುಮಾನ! ಅಕ್ಕ ಗುಳಿಗೆ ನುಂಗಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅವರ ಊಟ.

ಗುಟ್ಟು ನನಗೆ ಬೇಗ ತಿಳಿಯಿತು. ಬಾಯಿ ಬಿಡಲಿಲ್ಲ. ಊರಿಗೆ ಮಾತ್ರ ಇದು ದೊಡ್ಡ ತಮಾಷೆ. ಹೆಂಡತಿ ವಿಷ ಹಾಕುತ್ತಾಳೆಂದು ಹೆದರುತ್ತಾನೆ ಎಂದು ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು. ಭಾವ ಅದನ್ನೂ ಒಪ್ಪಿಕೊಂಡು ಮುಂದೆ ನಡೆಯುತ್ತಿದ್ದರು.

ಒಮ್ಮೆ ಅಕ್ಕ ತನ್ನ ತಂಗಿಯ ಮದುವೆಗೆಂದು ಅಣ್ಣಿಗೇರಿಯ ತವರಿಗೆ ಹೋದಳು. ಅಡುಗೆ ನನ್ನ ಪಾಲಿಗೆ ಬಂತು. ಗಾಬರಿಯಲ್ಲಿ ಪಲ್ಯಕ್ಕೆ ಉಪ್ಪು ಹಾಕುವುದನ್ನೇ ಮರೆತೆ. ಭಾವ ಬಂದರು, ತುಟಿ ಪಿಟಕ್ಕೆನ್ನದೆ ಪೂರ್ತಿ ಉಂಡು ಹೊಲಕ್ಕೆ ಹೋದರು. ಆಮೇಲೆ ಉಣ್ಣಲು ಕೂತ ಅತ್ತೆ ಮೊದಲ ತುತ್ತಿಗೇ ಕೈ ತಡೆದರು. ಮಗ ಹೋದ ದಾರಿಯ ಕಡೆ ಬಹಳ ಹೊತ್ತು ನೋಡಿದರು. ಬೈಸಿಕೊಳ್ಳಲು ಸಿದ್ಧಳಾಗಿ ನಿಂತಿದ್ದ ನನಗೆ, ಉಪ್ಪು ತಾ ಎಂದಷ್ಟೇ ಹೇಳಿದರು.

ಅಕ್ಕ ಮರಳಿ ಬಂದ ಮರುದಿನ ಬೆಳಿಗ್ಗೆ, ಮೊದಲ ರೊಟ್ಟಿ ಹಂಚಿನಿಂದ ಇಳಿಯುತ್ತಲೇ ಅತ್ತೆ ಅದನ್ನು ತಟ್ಟೆಗೆ ಹಾಕಿ ಅಕ್ಕನ ಮುಂದಿಟ್ಟರು. ಅಕ್ಕ ಹೆದರಿ ಎದ್ದು ನಿಂತಳು. ಅಷ್ಟರಲ್ಲಿ ಭಾವನೂ ಬಂದು ಉಪ್ಪಿನ ಮಾತು ತೆಗೆದರು.

"ಉಪ್ಪು ನಾ ನೋಡೇನಿ. ನೀ ಹೊರಗ ಹೋಗು, ಮೊದಲ ಆಕಿ ಉಣ್ಣಲಿ" ಎಂದರು ಅತ್ತೆ.

ಭಾವ ತಲೆ ತಗ್ಗಿಸಿ ಹೊರನಡೆದರು. ಅಕ್ಕನ ಕಣ್ಣು ತುಂಬಿದ್ದವು, ನನ್ನವೂ. ಅತ್ತೆ ಇನ್ನೊಂದು ತಟ್ಟೆ ತಂದು ನನ್ನ ಮುಂದೆ ಇಟ್ಟರು.

"ನೀನೂ ಕುಂದ್ರು. ಆಕಿ ಒಬ್ಬಾಕಿ ಹ್ಯಾಂಗ ಉಣ್ತಾಳ?"

ಆ ಮನೆಗೆ ಬಂದ ಮೇಲೆ ಬಿಸಿ ರೊಟ್ಟಿ ಹೇಗಿರುತ್ತದೆಂದು ನನಗೆ ಗೊತ್ತಾದದ್ದು ಅಂದೇ.