ಸಂದರ್ಶನಕ್ಕೆ ಹೋದ ಕಾರ್ಡುರಾಯ್ ಕೋಟು

ಎರಡು ಸಾವಿರದ ಇಸವಿಯ ಆಚೀಚೆ, ಮ್ಯಾಂಚೆಸ್ಟರಿನಿಂದ ಮ್ಯಾನೇಜರ್ ಕೆಲಸದ ಸಂದರ್ಶನಕ್ಕೆ ಕರೆ ಬಂತು. ಕೆಲಸ ಸಿಕ್ಕೇ ಸಿಗುತ್ತದೆ, ಬೇಕಾದದ್ದು ಒಳ್ಳೆಯ ಕೋಟು ಮಾತ್ರ ಎಂದುಕೊಂಡೆ. ಬರ್ಮಿಂಗ್‌ಹ್ಯಾಮಿನ ಅಂಗಡಿಗಳಲ್ಲಿ ಆ ಶರತ್ಕಾಲ ಎಲ್ಲೆಲ್ಲೂ ಉದ್ದುದ್ದ ಗೀರುಗಳ ಕಾರ್ಡುರಾಯ್ ಬಟ್ಟೆ.

"ಫ್ರಾನ್ಸಿನ ರಾಜರ ಬಟ್ಟೆ ಸರ್, ಈಗ ಮತ್ತೆ ಫ್ಯಾಷನ್," ಎಂದ ಅಂಗಡಿಯವನು.

ರಾಜರಂತೆ, ರಾಜರು! ಮ್ಯಾಂಚೆಸ್ಟರ್ ಕಡೆಯ ಗಿರಣಿಗಳಲ್ಲಿ ತಯಾರಾಗಿ, ಬೇಗ ಹರಿಯುವುದಿಲ್ಲವೆಂದು ಕೂಲಿಯವರು ತೊಟ್ಟ ಬಟ್ಟೆ ಅದು. ಆಮೇಲೆ ಮೇಷ್ಟರುಗಳು ತೊಟ್ಟರು. ಕೊನೆಗೆ ಯಾರಿಗೂ ಬೇಡವಾಗಿ ದಾನದ ಹಳೇ ಬಟ್ಟೆ ಮಾರುವ ಚಾರಿಟಿ ಅಂಗಡಿಯ ಮೂಲೆ ಸೇರಿತು. ಈಗ ಗಿರಣಿಗಳು ಫ್ಲ್ಯಾಟುಗಳಾದ ಮೇಲೆ ಅದೇ ಗೀರುಗೀರು ಬಟ್ಟೆಗೆ 'ಪರಂಪರೆ' ಎಂಬ ಚೀಟಿ ಅಂಟಿಸಿ ಮಾರುತ್ತಾರೆ. ತಲೆ ಸರಿಯಿಲ್ಲದವರು ಕೊಳ್ಳುತ್ತಾರೆ. ನಾನು ತಿಳಿಗಂದು ಬಣ್ಣದ್ದು ಕೊಂಡೆ.

ಸಂದರ್ಶನದ ಬೆಳಿಗ್ಗೆ, ಬರ್ಮಿಂಗ್‌ಹ್ಯಾಮಿನ ಅಂಚಿನ ಸಟನ್ ಕೋಲ್ಡ್‌ಫೀಲ್ಡಿನ ನಮ್ಮ ಮನೆಯಲ್ಲಿ, ಹೆಂಡತಿ ಶೈಲಾ ಅರಿಶಿನದ ಬಟ್ಟಲು ಹಿಡಿದು ಬಂದಳು.

"ರೀ, ನಿಂತ್ಕೊಳ್ಳಿ. ಹೊಸ ಬಟ್ಟೆಗೆ ಅರಿಶಿನ ಹಚ್ಚದೆ ಹಾಕ್ಕೋಬಾರದು."

"ಒಳಗಡೆ ಎಲ್ಲಾದ್ರೂ ಹಚ್ಚೇ."

"ಕಾಲರ್ ತುದಿಗೆ ಒಂದು ಚುಕ್ಕೆ. ಯಾರ್ರೀ ನೋಡ್ತಾರೆ?"

ರೈಲಿನಲ್ಲಿ ಎದುರಿಗೆ ಕೂತವರೆಲ್ಲ ನೋಡಿದರು. ಟಾಯ್ಲೆಟ್ಟಿಗೆ ಹೋಗಿ ಅಲ್ಲಿದ್ದ ಸೋಪು ಹಚ್ಚಿ ಉಜ್ಜಿದೆ. ಚುಕ್ಕೆ ಕೆಂಪಾಯಿತು. ಮದುವೆ ಮುಂಜಿಗಳಲ್ಲಿ ಅರಿಶಿನಕ್ಕೆ ಸುಣ್ಣ ಸೇರಿಸಿ ಆರತಿ ನೀರು ಕೆಂಪು ಮಾಡುವುದನ್ನು ಚಿಕ್ಕಂದಿನಿಂದ ನೋಡಿದ್ದರೂ, ಸೋಪೂ ಅದೇ ಕೆಲಸ ಮಾಡೀತೆಂದು ಈ ಎಂಜಿನಿಯರಿಗೆ ಹೊಳೆಯಲಿಲ್ಲ. ಇನ್ನಷ್ಟು ನೀರು ಹಾಕಿದೆ. ಕೆಂಪು ಆ ಗೀರುಗಳಗುಂಟ ಎದೆಯಿಂದ ಹೊಟ್ಟೆಯವರೆಗೂ ಇಳಿಯಿತು. ಕೋಟು ಬಿಚ್ಚೋಣವೆಂದರೆ ಒಳಗಿನ ಬಿಳಿ ಶರಟು ಅದಕ್ಕಿಂತ ಕೆಂಪಗಿತ್ತು.

ಸಂದರ್ಶನ ಮಾಡಬೇಕಾದ ಹಿರಿಯ ಮಹಿಳೆ ನನ್ನನ್ನು ಕಂಡವರೇ ಎದ್ದು ನಿಂತರು.

"ಅಯ್ಯೋ ದೇವರೇ, ರಕ್ತ. ಮಾತಾಡಬೇಡಿ, ಮಲಗಿ."

ತಮ್ಮ ಬಿಳಿ ಸೋಫಾದ ಮೇಲೆ ಮಗ್ಗುಲಾಗಿ ಮಲಗಿಸಿಯೇ ಬಿಟ್ಟರು.

"ರಕ್ತ ಅಲ್ಲ ಮೇಡಂ, ಅರಿಶಿನ."

"ಅರಿಶಿನ ಹಳದಿ ಅಲ್ಲವೇ?"

ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ನನಗೆ ಮೀಸಲಿಟ್ಟ ಸಮಯ ಮುಗಿಯಿತು. ಹೊಸ ಬಟ್ಟೆ, ಹೆಂಡತಿ, ಸೋಪು ಎಲ್ಲವನ್ನೂ ಮಲಗಿಕೊಂಡೇ ಸವಿಸ್ತಾರವಾಗಿ ನಿವೇದಿಸಿದೆ. ಕೆಲಸದ ಮಾತು ಬರಲೇ ಇಲ್ಲ.

ಮರುವಾರ ಅವರೇ ಫೋನ್ ಮಾಡಿದರು. ಕೆಲಸ ಬೇರೆಯವರಿಗೆ ಹೋಗಿತ್ತು.

"ಆದರೆ ನಿಮ್ಮ ಸಹಾಯ ಬೇಕಿತ್ತು," ಎಂದರು. ಬೇರೆ ಹುದ್ದೆಯೇನೋ ಎಂದು ನಾನು ನೆಟ್ಟಗೆ ಕೂತೆ. "ಸೋಫಾದ ಮೇಲಿನ ಕೆಂಪು ಒಣಗಿ ಹಳದಿ ಕಲೆ ಉಳಿದಿದೆ. ತೆಗೆಯೋದು ಹೇಗೆ?"

"ಏನಾದ್ರೂ ಮಾಡಿ ಮೇಡಂ, ಸೋಪು ಮಾತ್ರ ಹಚ್ಚಬೇಡಿ."

ಆ ಕಡೆ ಏನನ್ನೋ ಉಜ್ಜುತ್ತಿದ್ದ ಸದ್ದು ನಿಂತಿತು.

"ಈಗ ತಾನೇ ಹಚ್ಚಿದೆ," ಎಂದರು.