ಅಕ್ಕಿ ಚೀಲದ ಹೆರಿಗೆ ಪ್ರಯಾಣ

ವೈಶಾಖ ಶುದ್ಧ ದಶಮಿ, ಬುಧವಾರ. ಆಧಾರ, ನಮ್ಮ ಅಡುಗೆಮನೆಯ ಗೋಡೆಯ ಪಂಚಾಂಗ. ಅಂದು ನನ್ನ ಭಾವ ಒಂದು ಅಕ್ಕಿ ಚೀಲವನ್ನು ಹೆರಿಗೆಗೆಂದು ಶಿರಸಿಯ ಆಸ್ಪತ್ರೆಗೆ ಕರೆದೊಯ್ದರು. ಅಂದು ಏಕಾದಶಿಯಿತ್ತೆಂಬುದು ಅವರ ತಂಗಿಯ, ಅಂದರೆ ನನ್ನ ಹೆಂಡತಿಯ, ವಾದ. ಏಕಾದಶಿಯಂದು ನಮ್ಮಲ್ಲಿ ಅಕ್ಕಿ ಚೀಲ ಕದಲುವುದೇ ಇಲ್ಲವಾದ್ದರಿಂದ ಆ ವಾದವನ್ನು ತಳ್ಳಿಹಾಕಿದ್ದೇನೆ.

ಭಾವ ನಿವೃತ್ತರಾದದ್ದು ಪೂರ್ವ ಕರಾವಳಿಯ ಕ್ಷಿಪಣಿ ಪರೀಕ್ಷಾ ಕೇಂದ್ರದಿಂದ. ಹೊಸ ಕ್ಷಿಪಣಿ ಸೇನೆಯ ಕೈಸೇರುವ ಮೊದಲು ಅದರ ಮೂತಿಯಲ್ಲಿ ಸ್ಫೋಟಕದ ಬದಲು ಅಷ್ಟೇ ತೂಕದ ಹುಸಿ ಹೊರೆಯನ್ನಿಟ್ಟು ಹಾರಿಸಿ ನೋಡುತ್ತಾರಂತೆ. ಕೇಂದ್ರವನ್ನು ಬಿಟ್ಟು ನಮ್ಮೂರು ಸೋಂದೆಗೆ ಬಂದರೂ ಈ ಪದ್ಧತಿ ಅವರನ್ನು ಬಿಡಲಿಲ್ಲ. ಹೊಸ ಮಂಚದ ಮೇಲೆ ತಾವು ಮಲಗುವ ಮೊದಲು ಕಲ್ಲುಗಳನ್ನು ಮಲಗಿಸಿದವರು ಇವರು!

ನನ್ನ ಮಗಳು ಹೆರಿಗೆಗೆ ಬಂದಿದ್ದಳು. ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿದೆ, ನೋವು ಕಾಣಿಸಿದೊಡನೆ ಕರೆತನ್ನಿ ಎಂದಿದ್ದರು ವೈದ್ಯರು. ನಾವು ಹರಕೆ ಹೊತ್ತೆವು. ಭಾವ ಅವಳ ತೂಕದಷ್ಟು ಅಕ್ಕಿಯನ್ನು ಚೀಲಕ್ಕೆ ತುಂಬಿ, ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದರು.

ತನ್ನನ್ನು ಚೀಲಕ್ಕೆ ಸಮ ಮಾಡಿದ್ದಕ್ಕೆ ಮಗಳು ಮುನಿದಳು: “ಆನು ಅಕ್ಕಿ ಚೀಲವಾ, ಮಾವ?”

“ಅಲ್ದೇ ಕೂಸೆ. ಚೀಲ ದಾರಿ ಮೇಲೆ ಬೈತಿಲ್ಲೆ, ನೀನು ಬೈತೆ.”

ನನ್ನನ್ನೂ ಹತ್ತಿಸಿಕೊಂಡು ಹೊರಟರು. ಆಸ್ಪತ್ರೆಯ ಮುಂದೆ ಕಾರಿನ ಹಿಂಬಾಗಿಲು ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಕಾವಲುಗಾರ ಓಡಿಬಂದ.

“ಪೇಶಂಟ್ ಎಲ್ಲದಾರ್ರೀ?”

ಭಾವ ಗಾಜಿನೊಳಗೆ ಬೆರಳು ತೋರಿದರು. ಆತ ಇಣುಕಿ ಬಹಳ ಹೊತ್ತು ನೋಡಿ ಕೇಳಿದ: “ಎಷ್ಟನೇ ತಿಂಗಳ್ರೀ ಇದಕ್ಕ?”

ನಾನು ನಾಚಿ ಕುಗ್ಗಿದೆ. ಭಾವನೋ, ನಮ್ಮಿಬ್ಬರಿಗೂ ಪೇಡೆ ಹಂಚಿ ನನ್ನತ್ತ ತಿರುಗಿದರು; ಅವರಿಗೆ ನಾನೂ ಭಾವನೇ.

“ಬಾಗ್ಲು ಇವತ್ತೇ ಕೈ ಕೊಡ್ತು, ಚೊಲೋ ಆತು ಭಾವ. ಕೂಸು ಒಳಗಿದ್ದಾಗ ಹೀಂಗಾಗಿದ್ರೆ ಎಂತ ಗತಿ?”

ಬಾಗಿಲು ಅಂದೇ ದುರಸ್ತಿಯಾಯಿತು. ಮುಂದಿನ ವಾರ ನೋವು ಕಾಣಿಸಿ ಮಗಳನ್ನು ಕರೆದೊಯ್ದಾಗ, ಕೈ ತಾಗಿದೊಡನೆ ತೆರೆಯಿತು. ಒಡನೆಯೇ ಶಸ್ತ್ರಚಿಕಿತ್ಸೆ, ತಾಯಿ, ಮಗು ಇಬ್ಬರೂ ಕ್ಷೇಮ. ತುಸು ತಡವಾಗಿದ್ದರೂ ಕಷ್ಟವಿತ್ತು ಎಂದರು ವೈದ್ಯರು.

ಸುದ್ದಿ ಕೇಳಿದ ಭಾವ “ಪ್ರಯೋಗ ಯಶಸ್ವಿ” ಎಂದಷ್ಟೇ ಹೇಳಿ ಚಹಾ ಕುಡಿಯಲು ನಡೆದರೆಂಬುದು ನಮ್ಮೆಲ್ಲರ ನೆನಪು. ನಾನೂ ಹಾಗೆಯೇ ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ. ಆದರೆ ಅಂದು ಅಳಿಯ ಮೊಬೈಲಿನಲ್ಲಿ ತೆಗೆದ ಚಿತ್ರವೊಂದು ಬೇರೆಯೇ ಹೇಳುತ್ತದೆ. ಅದರ ವೇಳೆಯನ್ನು ಎರಡೆರಡು ಸಲ ತಾಳೆ ನೋಡಿದೆ: ಸುದ್ದಿ ಬಂದ ನಂತರದ್ದೇ. ಭಾವ ಆಸ್ಪತ್ರೆಯ ಗೋಡೆಗೊರಗಿ ನೆಲದ ಮೇಲೆ ಕುಳಿತಿದ್ದಾರೆ. ತಂಗಿಯ ಸೆರಗನ್ನು ಎರಡೂ ಕೈಗಳಲ್ಲಿ ಹಿಡಿದು ಅದರಲ್ಲಿ ಮುಖ ಹುದುಗಿಸಿದ್ದಾರೆ. ಅವಳ ಕೈ ಅವರ ಬೋಳುತಲೆಯ ಮೇಲಿದೆ.